ಪೂರ್ಣಾವಧಿ ಪಾಠದ ನಡುವೆ ಬಿ.ಎಡ್. ಓದು: ಸಂಪಾದಕರ ಉತ್ತರ

ಮಾನ್ಯ ಸೋದರಿಯವರಿಗೆ,

ಮದ್ದೂರು ತಾಲ್ಲೂಕಿನ ಖಾಸಗಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುತ್ತಿರುವ ನೀವು ಹಿಂದೆಯೇ ಕಾಲೇಜಿಗೆ ಹೋಗಿ ಪ್ರಾಥಮಿಕ ಶಿಕ್ಷಕರ ತರಬೇತಿಯಾದ ಡಿ.ಎಡ್. ಮುಗಿಸಿ, ಆಮೇಲೆ ಬಿ.ಎಸ್‌ಸಿ. ಪಡೆದಿರುವುದಾಗಿಯೂ, ಈಗ ಆಡಳಿತ ಮಂಡಳಿಯು ಬಿ.ಎಡ್. ಮಾಡಿಕೊಳ್ಳಲೇಬೇಕೆಂದು ಸೂಚಿಸಿರುವುದಾಗಿಯೂ ಬರೆದಿದ್ದೀರಿ. ಹಗಲಿಡೀ ಪಾಠ, ಸಂಜೆ ಹತ್ತನೆಯವರಿಗೆ ವಿಶೇಷ ತರಗತಿ, ಮನೆಯಲ್ಲಿ ಇಬ್ಬರು ಮಕ್ಕಳು. ಇದರ ನಡುವೆ ಓದುವುದು ಹೇಗೆ, ಹಾಜರಾಗದೆಯೇ ಪದವಿ ಕೊಡಿಸುತ್ತೇವೆ ಎನ್ನುವವರ ಮಾತನ್ನು ಒಪ್ಪಬಹುದೇ ಎಂಬುದು ನಿಮ್ಮ ಪ್ರಶ್ನೆ.

ಒಪ್ಪಬೇಡಿ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ಪ್ರಕಾರ ಎರಡು ವರ್ಷದ ರೆಗ್ಯುಲರ್ ಬಿ.ಎಡ್.ಗೆ ತರಗತಿಗಳಲ್ಲಿ ಶೇ. 80, ಶಾಲಾ ಇಂಟರ್ನ್‌ಶಿಪ್‌ನಲ್ಲಿ ಶೇ. 90 ಹಾಜರಿ ಬೇಕು. ಅದೇ ದಿನಗಳಲ್ಲಿ ನಿಮ್ಮ ಶಾಲೆಯ ಹಾಜರಿ ಪುಸ್ತಕದಲ್ಲೂ ನಿಮ್ಮ ಸಹಿ ಇರುತ್ತದೆ. ಮುಂದೊಂದು ದಿನ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ಇವೆರಡೂ ಎದುರುಬದುರಾದರೆ, ಹಣ ಪಡೆದು ಪದವಿ ಕೊಡಿಸಿದವರು ನಿಮ್ಮ ಪಕ್ಕದಲ್ಲಿ ನಿಲ್ಲುವುದಿಲ್ಲ.

ನಿಮಗೆ ನೇರವಾದ ದಾರಿಯೇ ಇದೆ. ಅದೇ ನಿಯಮಾವಳಿಯು, ಸೇವೆಯಲ್ಲಿರುವ ತರಬೇತಾದ ಪ್ರಾಥಮಿಕ ಶಿಕ್ಷಕರಿಗೂ, ಮಾನ್ಯತೆ ಪಡೆದ ಶಿಕ್ಷಕ ತರಬೇತಿಯನ್ನು ತರಗತಿಗೆ ಹಾಜರಾಗಿ ಮುಗಿಸಿದವರಿಗೂ ದೂರಶಿಕ್ಷಣದ ಬಿ.ಎಡ್.ಗೆ ಅವಕಾಶ ಕೊಟ್ಟಿದೆ, ನಿಮ್ಮ ಡಿ.ಎಡ್. ಇಲ್ಲಿ ನೆರವಿಗೆ ಬರುತ್ತದೆ. ಕನಿಷ್ಠ ಅವಧಿ ಎರಡು ವರ್ಷವಾದರೂ ಐದು ವರ್ಷದೊಳಗೆ ಮುಗಿಸಬಹುದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಈ ಕೋರ್ಸ್ ಇದೆ, ಮದ್ದೂರಿನಿಂದ ರೈಲಿನ ಅನುಕೂಲವೂ ಇದೆ. ಆದರೆ ದೂರಶಿಕ್ಷಣವೆಂದರೆ ಮನೆಯಲ್ಲೇ ಕುಳಿತು ಮುಗಿಸುವ ಓದು ಎಂದು ತಿಳಿಯಬೇಡಿ. ಖುದ್ದಾಗಿ ಹಾಜರಾಗಬೇಕಾದ ಸಂಪರ್ಕ ತರಗತಿಗಳೂ, ನಿಯೋಜಿತ ಬರಹಗಳೂ, ಶಾಲಾನುಭವವೂ ಇದರ ಭಾಗವೇ.

ಸಮಯದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಬೆಳಗಿನ ನಾಲ್ಕು ಗಂಟೆಗೆ ಎದ್ದು ಎಲ್ಲವನ್ನೂ ನೀವೊಬ್ಬರೇ ಹೊರುವುದು ಪರಿಹಾರವಲ್ಲ. ಪದವಿ ಬೇಕೆಂದು ಕೇಳಿರುವುದು ಶಾಲೆ. ಆದ್ದರಿಂದ ಸಂಪರ್ಕ ತರಗತಿಗಳ ದಿನ ಸಂಬಳ ಸಹಿತ ರಜೆ, ಓದು ಮುಗಿಯುವವರೆಗೆ ಸಂಜೆಯ ವಿಶೇಷ ತರಗತಿಯನ್ನು ಸಹೋದ್ಯೋಗಿಗಳೊಂದಿಗೆ ಹಂಚಿಕೊಳ್ಳುವ ವ್ಯವಸ್ಥೆ, ಇವೆರಡನ್ನೂ ಮುಖ್ಯೋಪಾಧ್ಯಾಯರಲ್ಲಿ ಲಿಖಿತವಾಗಿ ಕೇಳಿ. ಸಂಕೋಚಪಟ್ಟು ಬಾಯಿಮಾತಿನಲ್ಲಿ ಮುಗಿಸಿದರೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದ ಕೂಡಲೇ ಅದು ಮರೆತುಹೋಗುತ್ತದೆ. ಮನೆಯಲ್ಲಿಯೂ ಮಕ್ಕಳ ಹೊಣೆಯನ್ನು ಯಾರು ಯಾವ ಸಂಜೆ ನೋಡಿಕೊಳ್ಳುತ್ತಾರೆಂದು ಮೊದಲೇ ಮಾತನಾಡಿಕೊಳ್ಳಿ.

ಇನ್ನು ಓದನ್ನೂ ಪಾಠವನ್ನೂ ಎರಡು ಬೇರೆ ಕೆಲಸಗಳೆಂದು ನೋಡದಿದ್ದರೆ ಅರ್ಧ ಭಾರ ಇಳಿಯುತ್ತದೆ. ಹತ್ತನೆಯ ತರಗತಿಗೆ ವಿದ್ಯುತ್ ಮಂಡಲ ಕಲಿಸುವಾಗ, ಮೊದಲ ಬಲ್ಬು ಪ್ರವಾಹವನ್ನು ಸ್ವಲ್ಪ ಬಳಸಿಬಿಡುತ್ತದೆ, ಆದ್ದರಿಂದ ಎರಡನೆಯದಕ್ಕೆ ಕಡಿಮೆ ಸಿಗುತ್ತದೆ ಎಂದು ಅನೇಕ ಮಕ್ಕಳು ನಂಬಿರುವುದನ್ನು ನೀವು ಕಂಡಿರುತ್ತೀರಿ. ಆ ನಂಬಿಕೆ ಎಲ್ಲಿಂದ ಬಂತು, ಸರಣಿ ಜೋಡಣೆಯಲ್ಲಿ ಎರಡು ಕಡೆ ಪ್ರವಾಹ ಅಳೆಯುವ ಅಮ್ಮೀಟರ್ ಇಟ್ಟು ತೋರಿಸಿದ ಮೇಲೆ ಎಷ್ಟು ಮಕ್ಕಳು ಮನಸ್ಸು ಬದಲಿಸಿದರು ಎಂದು ಬರೆದಿಡಿ. ಮಕ್ಕಳು ಕಲಿಯುವ ಬಗೆಯನ್ನು ವಿವರಿಸಿದ ಮನೋವಿಜ್ಞಾನಿಗಳಾದ ಪಿಯಾಜೆ, ವೈಗೋಟ್‌ಸ್ಕಿಯವರ ವಿಚಾರಗಳನ್ನು ಪರೀಕ್ಷೆಗಾಗಿ ಉರುಹೊಡೆಯುವ ಬದಲು ಈ ಬರಹದೊಂದಿಗೆ ಇಟ್ಟು ಓದಿ. ನಿಮ್ಮ ಪಾಠಯೋಜನೆಗೂ, ಸ್ವಂತ ತರಗತಿಯ ಸಮಸ್ಯೆಯನ್ನೇ ಅಧ್ಯಯನ ಮಾಡುವ ಕ್ರಿಯಾ ಸಂಶೋಧನೆಗೂ ಅದೇ ಸಾಮಗ್ರಿಯಾಗುತ್ತದೆ. ವರ್ಷಗಳ ಅನುಭವವಿರುವ ನಿಮಗೆ ಹೊಸಬರಿಗಿಲ್ಲದ ಅನುಕೂಲ ಇದು.

ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯುವ ಮುನ್ನ ಡಿ.ಎಡ್. ಪ್ರಮಾಣಪತ್ರ, ಅಂಕಪಟ್ಟಿಗಳು, ಸೇವಾ ಪ್ರಮಾಣಪತ್ರಗಳೊಂದಿಗೆ ಒಮ್ಮೆ ವಿಶ್ವವಿದ್ಯಾನಿಲಯದ ಕಚೇರಿಗೇ ಹೋಗಿ, ಪ್ರವೇಶದ ಅರ್ಹತೆಯನ್ನೂ ಸಂಪರ್ಕ ತರಗತಿಗಳ ವೇಳಾಪಟ್ಟಿಯನ್ನೂ ವಿಚಾರಿಸಿಕೊಂಡು ಬನ್ನಿ. ಯಾವ ದಿನಗಳಿಗೆ ರಜೆ ಬೇಕೆಂಬುದನ್ನು ಆಗ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಬಹುದು.

ಸಂಪಾದಕ