ಕಮಾಂಡೊ ಚಿತ್ರಗಳಲ್ಲಿ ನಿಜ ಎಷ್ಟು?

ವಿಶೇಷ ಪಡೆಗಳ ಬಗ್ಗೆ ಬರುವ ಯುದ್ಧ ಚಿತ್ರಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಕೇಳಿದ್ದೀರಿ. ನಾನು ಸೈನಿಕನಲ್ಲ. ಹದಿನಾಲ್ಕು ವರ್ಷಗಳಿಂದ ಸಿನಿಮಾಗಳಿಗೆ ಸದ್ದು ಕೂರಿಸುವ ಕೆಲಸದಲ್ಲಿದ್ದೇನೆ. ಗುಂಡು, ಸ್ಫೋಟ, ಹೆಲಿಕಾಪ್ಟರ್, ಬೂಟಿನ ಸಪ್ಪಳ ಇವುಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಹಾಗಾಗಿ ನನಗೆ ಸುಳ್ಳು ಮೊದಲು ಕಿವಿಗೆ ಬೀಳುತ್ತದೆ, ಆಮೇಲೆ ಕಣ್ಣಿಗೆ.

ಸೈಲೆನ್ಸರ್ ವಿಷಯವನ್ನೇ ತೆಗೆದುಕೊಳ್ಳಿ. ಪರದೆಯ ಮೇಲೆ ಕಮಾಂಡೊ ಗುಂಡು ಹಾರಿಸಿದರೆ ಬಾಟಲಿಯ ಬಿರಡೆ ಕಿತ್ತಷ್ಟೇ ಸದ್ದು; ಪಕ್ಕದ ಕೋಣೆಯಲ್ಲಿ ಮಲಗಿದವನು ಮಗ್ಗುಲೂ ಬದಲಿಸುವುದಿಲ್ಲ. ಸೈನಿಕರ ರೈಫಲ್ ಸುಮಾರು 160 ಡೆಸಿಬೆಲ್ ಸದ್ದು ಮಾಡುತ್ತದೆ. ಸೈಲೆನ್ಸರ್ ಅದರಲ್ಲಿ 25ರಿಂದ 30 ಡೆಸಿಬೆಲ್ ಇಳಿಸಬಹುದು. ಉಳಿಯುವ 130 ಡೆಸಿಬೆಲ್ ಕೂಡ ಕಿವಿ ನೋಯಿಸುವ ಸದ್ದೇ. ಇನ್ನು, ಶಬ್ದಕ್ಕಿಂತ ವೇಗವಾಗಿ ಹೋಗುವ ಗುಂಡು ಚಾಟಿ ಬೀಸಿದಂತೆ ಗಾಳಿಯಲ್ಲಿ ಛಟ್ಟನೆ ಸಿಡಿಯುತ್ತದಲ್ಲ, ಅದನ್ನು ಯಾವ ಸೈಲೆನ್ಸರ್ ಕೂಡ ತಡೆಯಲಾರದು. ಗುಂಡು ಯಾವ ಕಡೆಯಿಂದ ಬಂತೆಂದು ಎದುರಾಳಿಗೆ ತಿಳಿಯದಂತೆ ಮಾಡುವುದು, ಸಣ್ಣ ಕೋಣೆಯೊಳಗೆ ತಮ್ಮವರ ಕಿವಿ ಉಳಿಸುವುದು, ಇದಕ್ಕಾಗಿ ಅವರು ಅದನ್ನು ಬಳಸುತ್ತಾರೆ. ಒಮ್ಮೆ ಒಂದು ಚಿತ್ರಕ್ಕೆ ನಿಜಕ್ಕೆ ಹತ್ತಿರವಾದ ಸದ್ದನ್ನೇ ಕೂರಿಸಿ ಕೇಳಿಸಿದೆ. ‘ಸೈಲೆನ್ಸರ್ ಇದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ, ತೆಗೆದುಬಿಡಿ’ ಎಂದರು ನಿರ್ದೇಶಕರು. ತೆಗೆದೆ. ಆ ದೃಶ್ಯ ಬಂದಾಗಲೆಲ್ಲ ಇಂದಿಗೂ ಮನಸ್ಸು ಮುದುಡುತ್ತದೆ.

ದೂರದ ಗುಂಡಿನದು ಇನ್ನೊಂದು ಕಥೆ. ಆರುನೂರು ಮೀಟರ್ ಆಚೆಯಿಂದ ಯಾರಾದರೂ ನಿಮ್ಮತ್ತ ಗುಂಡು ಹಾರಿಸಿದರೆ ಮೊದಲು ತಲೆಯ ಪಕ್ಕದಲ್ಲೇ ‘ಛಟ್’ ಎನ್ನುತ್ತದೆ. ಸುಮಾರು ಮುಕ್ಕಾಲು ಸೆಕೆಂಡ್ ಕಳೆದ ಮೇಲೆ ಬಂದೂಕಿನ ‘ಧಬ್’ ದೂರದಿಂದ ಬರುತ್ತದೆ. ಪಳಗಿದ ಸೈನಿಕರು ಆ ಅಂತರವನ್ನು ಅಳೆದೇ ಎದುರಾಳಿ ಎಷ್ಟು ದೂರದಲ್ಲಿದ್ದಾನೆಂದು ಅಂದಾಜು ಮಾಡುತ್ತಾರೆ. ನಮ್ಮ ಕಸುಬಿನಲ್ಲಿ ಎರಡನ್ನೂ ಒಂದೇ ಕ್ಷಣಕ್ಕೆ ಅಂಟಿಸಿಬಿಡುತ್ತೇವೆ. ಭಯ ಇರುವುದೇ ಆ ಮುಕ್ಕಾಲು ಸೆಕೆಂಡಿನಲ್ಲಿ. ಅದನ್ನೇ ಕತ್ತರಿಸಿ ಎಸೆಯುತ್ತೇವೆ.

ಗುಂಡಿನ ಲೆಕ್ಕವಂತೂ ಹೇಳುವುದೇ ಬೇಡ; ಪರದೆಯ ಮೇಲಿನ ಬಂದೂಕಿನಲ್ಲಿ ಅದು ಮುಗಿಯುವುದೇ ಇಲ್ಲ. 30 ಗುಂಡು ಹಿಡಿಯುವ ಮ್ಯಾಗಜೀನ್ ಎಡೆಬಿಡದೆ ಹಾರಿಸಿದರೆ ಮೂರು ಸೆಕೆಂಡಿನೊಳಗೆ ಬರಿದಾಗುತ್ತದೆ. ಅದಕ್ಕೇ ತರಬೇತಾದವರು ಹೆಚ್ಚಾಗಿ ಒಂದೊಂದೇ ಗುಂಡನ್ನು ಗುರಿಯಿಟ್ಟು ಹಾರಿಸುತ್ತಾರೆ.

ಸರಿಯಾಗಿ ಮಾಡಿದ ಚಿತ್ರವೇ ಇಲ್ಲವೇ ಎಂದರೆ, ಇದೆ. 1993ರ ಅಕ್ಟೋಬರ್ 3ರಂದು ಸೊಮಾಲಿಯಾದ ರಾಜಧಾನಿ ಮೊಗದಿಶುವಿನಲ್ಲಿ ನಡೆದ ಕಾಳಗದ ಬಗ್ಗೆ 2001ರಲ್ಲಿ ಬಂದ ‘ಬ್ಲ್ಯಾಕ್ ಹಾಕ್ ಡೌನ್’ ಅನ್ನು ನಾನು ಎಷ್ಟು ಸಲ ಕೇಳಿದ್ದೇನೋ! ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ತಾಸಿನೊಳಗೆ ಮುಗಿಯುತ್ತದೆಂದು ಹೊರಟ ಅಮೆರಿಕದ ರೇಂಜರ್ ಪಡೆಯವರು ರಾತ್ರಿ ನೋಡುವ ಸಾಧನಗಳನ್ನು ಬಿಟ್ಟುಹೋಗಿದ್ದರು. ಕಾಳಗ ಮರುದಿನ ಬೆಳಗಿನವರೆಗೆ ಎಳೆಯಿತು. ಚಿತ್ರ ಆ ತಪ್ಪು ಲೆಕ್ಕಾಚಾರವನ್ನು ಮುಚ್ಚಿಡುವುದಿಲ್ಲ. ಜೊತೆಗಾರನ ಮೆಷಿನ್ ಗನ್ ಕಿವಿಯ ಪಕ್ಕದಲ್ಲೇ ಸಿಡಿದು ಒಬ್ಬ ಸೈನಿಕ ಕಿವುಡನಾಗುವ ದೃಶ್ಯವಿದೆ. ಅದು ನಿಜವಾಗಿಯೂ ನಡೆದದ್ದು. ಬೇರೆ ಚಿತ್ರಗಳಲ್ಲಿ ಸಾವಿರ ಗುಂಡು ಹಾರಿದ ಮೇಲೂ ನಾಯಕ ಪಿಸುಗುಟ್ಟುತ್ತಾನೆ, ಎಲ್ಲರಿಗೂ ಕೇಳಿಸುತ್ತದೆ.

ಆದರೆ ಅದೇ ಚಿತ್ರ ಬಿಟ್ಟದ್ದೂ ಕಡಿಮೆಯೇನಲ್ಲ. ಸಿಕ್ಕಿಬಿದ್ದವರನ್ನು ಹೊರತರಲು ಹೋದ ವಾಹನಗಳ ಸಾಲಿನಲ್ಲಿ ಮಲೇಷ್ಯಾದ ಕವಚ ವಾಹನಗಳೂ ಪಾಕಿಸ್ತಾನದ ಟ್ಯಾಂಕುಗಳೂ ಇದ್ದವು, ಮಲೇಷ್ಯಾದ ಒಬ್ಬ ಸೈನಿಕ ಪ್ರಾಣ ಕಳೆದುಕೊಂಡ. ಚಿತ್ರದಲ್ಲಿ ಅವರಿಗೆ ಸಿಕ್ಕ ಜಾಗ ಅತ್ಯಲ್ಪ. ಆ ಕಾಳಗದಲ್ಲಿ 18 ಅಮೆರಿಕನ್ ಸೈನಿಕರು ಸತ್ತರು, ಸೊಮಾಲಿಗಳು ನೂರಾರು ಮಂದಿ. ಆ ನೂರಾರು ಮಂದಿ ಪರದೆಯ ಮೇಲೆ ಬರೀ ಓಡಿಬರುವ ಗುಂಪು. ಬಂದೂಕಿನ ಮಾದರಿ ಸರಿಯಿದೆಯೇ ಎಂದು ಜಗಳವಾಡುವವರು ಇದನ್ನು ಕೇಳುವುದೇ ಇಲ್ಲವಲ್ಲ ಎಂಬುದು ನನ್ನ ನೋವು.

2013ರ ‘ಲೋನ್ ಸರ್ವೈವರ್’ ನನ್ನನ್ನು ಇನ್ನೂ ಹೆಚ್ಚು ಕಾಡಿದೆ. 2005ರ ಜೂನ್ 28ರಂದು ಅಫ್ಘಾನಿಸ್ತಾನದ ಕುನಾರ್ ಬೆಟ್ಟಗಳಲ್ಲಿ ಅಮೆರಿಕ ನೌಕಾಪಡೆಯ ನಾಲ್ವರು ಸೀಲ್ ಕಮಾಂಡೊಗಳು ಮುತ್ತಿಗೆಗೆ ಸಿಕ್ಕರು, ಮೂವರು ಸತ್ತರು. ನೆರವಿಗೆ ಬಂದ ಹೆಲಿಕಾಪ್ಟರ್ ಉರುಳಿ ಅದರಲ್ಲಿದ್ದ 16 ಮಂದಿಯೂ ಹೋದರು. ಗಾಯಗೊಂಡು ಉಳಿದ ಒಬ್ಬನನ್ನು ಪಶ್ತೂನ್ ಗ್ರಾಮಸ್ಥನೊಬ್ಬ ಕಾಪಾಡಿದ. ಇಷ್ಟು ನಿಜ. ಚಿತ್ರದ ಕೊನೆಗೆ ತಾಲಿಬಾನ್ ಹಳ್ಳಿಗೆ ನುಗ್ಗಿ ದೊಡ್ಡ ಕಾಳಗವೇ ನಡೆಯುತ್ತದೆ. ಅಂಥ ಕಾಳಗ ಆಗಲೇ ಇಲ್ಲ.

ನಿಜದಲ್ಲಿ ನಡೆದದ್ದು ಇದಕ್ಕಿಂತ ದೊಡ್ಡದು. ಮನೆಗೆ ಬಂದವನನ್ನು ಒಪ್ಪಿಸಬಾರದೆಂಬ ತಮ್ಮ ಜನರ ಕಟ್ಟಳೆಗೆ ಕಟ್ಟುಬಿದ್ದು ಆ ಮನುಷ್ಯ ದಿನಗಟ್ಟಲೆ ಬೆದರಿಕೆ ಸಹಿಸಿದ. ನನಗೆ ಕೊಟ್ಟಿದ್ದರೆ ಆ ಕೊನೆಯ ಕಾಳಗದ ಸದ್ದನ್ನೆಲ್ಲ ಅಳಿಸಿ, ಕತ್ತಲ ಕೋಣೆಯಲ್ಲಿ ಅಪರಿಚಿತರಿಬ್ಬರು ಉಸಿರು ಬಿಗಿಹಿಡಿದು ಕುಳಿತಿರುವುದನ್ನೂ ಹೊರಗೆ ಯಾರೋ ನಡೆದಾಡುತ್ತಿರುವುದನ್ನೂ ಮಾತ್ರ ಕೇಳಿಸುತ್ತಿದ್ದೆ.