ಸ್ಕ್ರೀನ್ ಪ್ರಿಂಟ್‌ನಲ್ಲಿ ಮುಖ ಕಪ್ಪು ಮುದ್ದೆಯಾದರೆ ಮೊದಲು ಫೈಲ್ ನೋಡಿ

ಫೋಟೊ ಎಡಿಟಿಂಗ್, ಪ್ರಿಂಟ್‌ಮೇಕಿಂಗ್ ಬಗ್ಗೆ ನಿಮ್ಮಿಂದ ಅವೇ ನಾಲ್ಕೈದು ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಒಂದಕ್ಕೆ ಉತ್ತರ ಬರೆದು ಮುಗಿಸುವಷ್ಟರಲ್ಲಿ ಅದೇ ಪ್ರಶ್ನೆ ಬೇರೆ ಹೆಸರಿನಲ್ಲಿ ಬಂದು ಕೂತಿರುತ್ತದೆ. ಹಾಗಾಗಿ ಈ ಸಲ ಒಂದಕ್ಕೆ ಪೂರ್ತಿ ಜಾಗ ಕೊಟ್ಟು, ಉಳಿದವನ್ನು ಬೇಗ ಮುಗಿಸುತ್ತೇನೆ. ಲೇಯರ್ ಅಂದರೇನು, ಕರ್ವ್ಸ್ ಎಲ್ಲಿದೆ, ಬೆಳಕು ಬಿದ್ದರೆ ಗಟ್ಟಿಯಾಗುವ ಎಮಲ್ಷನ್ ಅನ್ನು ಸ್ಕ್ರೀನ್‌ಗೆ ಹೇಗೆ ಸವರಬೇಕು ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅದನ್ನು ಕಾಲೇಜಿನ ಮೊದಲ ತಿಂಗಳಲ್ಲೇ ತೋರಿಸಿರುತ್ತಾರೆ. ತೋರಿಸುವಾಗ ನೀವು ಫೋನ್ ನೋಡುತ್ತಿದ್ದರೆ ನಾನೇನು ಮಾಡಲಿ?

ಫೋಟೊ ಎಡಿಟಿಂಗ್ ಕಲಿಯಲು ಯಾವ ಸಾಫ್ಟ್‌ವೇರ್ ಒಳ್ಳೆಯದು? ಫೋಟೊಶಾಪ್ ಇಲ್ಲದಿದ್ದರೆ ಆಗುವುದೇ ಇಲ್ಲವಾ?

ಆಗುತ್ತದೆ. ಕರ್ವ್ಸ್, ಲೇಯರ್, ಮಾಸ್ಕ್ ಇರುವ ಯಾವುದಾದರೂ ಸಾಕು, ದುಡ್ಡು ಕೊಡದೆ ಸಿಗುವ ಗಿಂಪ್‌ನಲ್ಲೂ ಈ ಮೂರೂ ಇವೆ.

ನನ್ನ ಫೋಟೊ 72 ಡಿಪಿಐ ಇದೆ. ಅದನ್ನು 300 ಮಾಡಿದರೆ ಪ್ರಿಂಟ್ ಚೆನ್ನಾಗಿ ಬರುತ್ತದಾ?

ಬರುವುದಿಲ್ಲ. ಡಿಪಿಐ ಅಂದರೆ ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ, ಆ ಸಂಖ್ಯೆ ಬದಲಿಸಿದ ಮಾತ್ರಕ್ಕೆ ಫೋಟೊದಲ್ಲಿ ಇಲ್ಲದ ವಿವರ ಹುಟ್ಟುವುದಿಲ್ಲ. ಉದ್ದ ಎಷ್ಟು ಪಿಕ್ಸೆಲ್ ಇದೆ ನೋಡಿ, 300ರಿಂದ ಭಾಗಿಸಿ. 3000 ಪಿಕ್ಸೆಲ್ ಇದ್ದರೆ 10 ಇಂಚು. ಇಷ್ಟು ಲೆಕ್ಕಕ್ಕೆ ತಜ್ಞರು ಬೇಕಾ?

ಪ್ರಿಂಟ್‌ಗೆ ಕೊಡುವ ಮುಂಚೆ ಸಿಎಂವೈಕೆಗೆ (ಮುದ್ರಣದ ನಾಲ್ಕು ಇಂಕ್‌ಗಳ ಬಣ್ಣದ ಲೆಕ್ಕ) ಬದಲಿಸಲೇಬೇಕು ಅಂತಾರೆ. ನಿಜವಾ?

ಆಫ್‌ಸೆಟ್ ಮುದ್ರಣಕ್ಕಾದರೆ ಹೌದು, ಅದೂ ಪ್ರೆಸ್‌ನವರ ಪ್ರೊಫೈಲ್, ಅಂದರೆ ಅವರ ಯಂತ್ರಕ್ಕೆ ಹೊಂದುವ ಬಣ್ಣದ ಸೆಟ್ಟಿಂಗ್, ಕೇಳಿಕೊಂಡು. ಇಂಕ್‌ಜೆಟ್ ಫೋಟೊ ಪ್ರಿಂಟರ್‌ಗಾದರೆ ಬೇಡ, ಅದರ ಡ್ರೈವರ್ ಕಂಪ್ಯೂಟರ್ ಪರದೆಯ ಆರ್‌ಜಿಬಿ ಬಣ್ಣವನ್ನೇ ಕೇಳುತ್ತದೆ. ಸುಮ್ನೆ ಬದಲಿಸಿ ಬಣ್ಣ ಕಳೆದುಕೊಳ್ಳಬೇಡಿ.

ಎರಡನೇ ವರ್ಷದ ಕಲಾ ವಿದ್ಯಾರ್ಥಿನಿ. ಅಜ್ಜಿಯ ಫೋಟೊವನ್ನು ಕಪ್ಪು-ಬಿಳುಪು ಮಾಡಿ, 65 ಗೆರೆಯ ಹಾಫ್‌ಟೋನ್ (ಬೂದನ್ನು ಚುಕ್ಕಿಗಳಾಗಿ ಒಡೆಯುವುದು) ಹಾಕಿ, 90ರ ಮೆಶ್‌ನಲ್ಲಿ (ಸ್ಕ್ರೀನಿನ ಜಾಲರಿ ಬಟ್ಟೆ) ಸ್ಕ್ರೀನ್ ಪ್ರಿಂಟ್ ಮಾಡಿದೆ. ಕಂಪ್ಯೂಟರಿನಲ್ಲಿ ತುಂಬಾ ಚೆನ್ನಾಗಿ ಕಾಣುತ್ತಿತ್ತು. ಕಾಗದದ ಮೇಲೆ ಕೂದಲು, ಕತ್ತಿನ ನೆರಳು ಎಲ್ಲ ಸೇರಿ ಒಂದೇ ಕಪ್ಪು ಮುದ್ದೆ. ಹಣೆ, ಕೆನ್ನೆಯ ತಿಳಿ ಭಾಗ ಮಾಯ. ಕಾಂಟ್ರಾಸ್ಟ್ ಜಾಸ್ತಿ ಮಾಡು ಅಂತ ಗೆಳತಿ ಹೇಳುತ್ತಾಳೆ. ಎಕ್ಸ್‌ಪೋಶರ್ ತಪ್ಪಿದೆ ಅಂತ ಲ್ಯಾಬ್‌ನವರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಗೆಳತಿಯ ಮಾತಂತೂ ಬೇಡ. ಕಾಂಟ್ರಾಸ್ಟ್ ಏರಿಸಿದರೆ ನೆರಳು ಇನ್ನೂ ಕಪ್ಪಾಗುತ್ತದೆ, ಬೆಳಕು ಇನ್ನೂ ಬೆಳ್ಳಗಾಗುತ್ತದೆ. ಈಗ ಆಗಿರುವುದೇ ಅದು, ಅಲ್ವಾ? ಲ್ಯಾಬ್‌ನವರು ಹೇಳಿದ್ದು ಅರ್ಧ ಸರಿ ಇರಬಹುದು. ಆದರೆ ಎಕ್ಸ್‌ಪೋಶರ್‌ಗೆ, ಅಂದರೆ ಎಮಲ್ಷನ್‌ಗೆ ಬೆಳಕು ಬಿಡುವ ಸಮಯಕ್ಕೆ, ಕೈ ಹಾಕುವ ಮುಂಚೆ ಫೈಲ್ ನೋಡಬೇಕು.

ನಿಮ್ಮ ಹತ್ತಿರ ಇರುವುದು ಒಂದೇ ಕಪ್ಪು ಇಂಕ್. ಬೂದು ಬಣ್ಣ ಎಲ್ಲೂ ಇಲ್ಲ. ಚಿಕ್ಕ ಚುಕ್ಕಿಗಳಿದ್ದ ಕಡೆ ತಿಳಿ ಬೂದು, ದೊಡ್ಡ ಚುಕ್ಕಿಗಳಿದ್ದ ಕಡೆ ಗಾಢ ಬೂದು ಅಂತ ಕಣ್ಣು ನಂಬಿಕೊಳ್ಳುತ್ತದೆ, ಅಷ್ಟೇ. ಆ ಚುಕ್ಕಿ ಫಿಲ್ಮ್‌ನಿಂದ (ಸ್ಕ್ರೀನ್ ಮೇಲಿಟ್ಟು ಬೆಳಕು ಬಿಡುವ, ಚಿತ್ರ ಅಚ್ಚಾದ ಪಾರದರ್ಶಕ ಹಾಳೆ) ಕಾಗದಕ್ಕೆ ಬರುವಷ್ಟರಲ್ಲಿ ಉಬ್ಬುತ್ತದೆ. ಇದಕ್ಕೆ ಡಾಟ್ ಗೇನ್ ಅನ್ನುತ್ತಾರೆ. ಫೈಲ್‌ನಲ್ಲಿ 50 ಪರ್ಸೆಂಟ್ ಕಪ್ಪು ಇದ್ದದ್ದು ಕಾಗದದಲ್ಲಿ 65, 70 ಆಗುವುದು ಮಾಮೂಲು. 85ರ ಹತ್ತಿರ ಇದ್ದದ್ದು ಪಕ್ಕದ ಚುಕ್ಕಿಗೆ ಅಂಟಿ ಮುಚ್ಚಿಹೋಗುತ್ತದೆ. ತಿಳಿ ಕಡೆಯ ಕಥೆಯೇ ಬೇರೆ. 4–5 ಪರ್ಸೆಂಟಿನ ಪುಟಾಣಿ ಚುಕ್ಕಿ ಮೆಶ್‌ನ ಎಳೆಯ ಮೇಲೆ ಬಿದ್ದರೆ ಇಂಕ್ ಇಳಿಯಲು ತೂತೇ ಇರುವುದಿಲ್ಲ. ನಿಮ್ಮ ಅಜ್ಜಿಯ ಕೂದಲು, ಹಣೆ ಎರಡೂ ಹೋಗಿರುವುದು ಈ ಎರಡು ತುದಿಗಳಲ್ಲಿ.

ಎಷ್ಟು ಉಬ್ಬುತ್ತದೆ, ಎಲ್ಲಿ ಮುಚ್ಚುತ್ತದೆ ಎಂಬುದನ್ನು ನಾನು ಇಲ್ಲಿ ಕೂತು ಹೇಳಲಾರೆ. ನಿಮ್ಮ ಮೆಶ್, ನಿಮ್ಮ ಇಂಕ್, ನಿಮ್ಮ ಕಾಗದ, ನಿಮ್ಮ ಕೈ ಒತ್ತುವ ರೀತಿ ಸೇರಿ ಅದನ್ನು ತೀರ್ಮಾನಿಸುತ್ತವೆ. "ಎಲ್ಲ ಮೆಶ್‌ಗೂ ಒಂದೇ ಸೆಟ್ಟಿಂಗ್" ಅಂತ ಆಕ್ಷನ್, ಪ್ರಿಸೆಟ್ ಮಾರುವವರಿಗೆ ನಿಮ್ಮ ಸ್ಕ್ರೀನ್ ಯಾವುದೆಂದೇ ಗೊತ್ತಿಲ್ಲ. ಗೊತ್ತಿಲ್ಲದ ಸ್ಕ್ರೀನ್‌ಗೆ ಅಳತೆ ಕೊಡುವವರನ್ನು ಕುಶಲಕರ್ಮಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅವರಿಗೆ ದುಡ್ಡು ಕೊಡುವ ಬದಲು ಒಂದು ಪಟ್ಟಿ ಮಾಡಿಕೊಳ್ಳಿ. 0, 5, 10 ಹೀಗೆ 100 ಪರ್ಸೆಂಟ್ ತನಕ ಬೂದು ಚೌಕಗಳನ್ನು ಸಾಲಾಗಿ ಇಡಿ. ಅದನ್ನು ಫೋಟೊದ ಜೊತೆಗೇ, ಅದೇ ಹಾಫ್‌ಟೋನ್‌ನಲ್ಲಿ ಫಿಲ್ಮ್ ತೆಗೆದು, ಅದೇ ಸ್ಕ್ರೀನ್‌ನಲ್ಲಿ ಪ್ರಿಂಟ್ ಮಾಡಿ. ಒಣಗಿದ ಮೇಲೆ ಭೂತಗನ್ನಡಿ ಹಿಡಿದು ನೋಡಿ. ಯಾವ ಚೌಕ ಕಾಣುತ್ತಲೇ ಇಲ್ಲ, ಯಾವ ಚೌಕದಿಂದ ಮುಂದೆ ಎಲ್ಲವೂ ಒಂದೇ ಕಪ್ಪು, ಎರಡನ್ನೂ ಬರೆದಿಟ್ಟುಕೊಳ್ಳಿ. ಈ ಪಟ್ಟಿ ಮಾಡದೆ ಮತ್ತೆ ನನಗೆ ಬರೆಯಬೇಡಿ.

10ರ ಕೆಳಗಿನದು ಮಾಯ, 85ರ ಮೇಲಿನದು ಮುದ್ದೆ ಅಂತ ಇಟ್ಟುಕೊಳ್ಳೋಣ. ಆಗ ನಿಮ್ಮ ಫೋಟೊದ ಎಲ್ಲ ವಿವರ ಈ ಎರಡರ ನಡುವೆ ಕೂರಬೇಕು. ಲೆವೆಲ್ಸ್‌ನಲ್ಲಿ ಔಟ್‌ಪುಟ್ ಅಂತ ಕೆಳಗೊಂದು ಪಟ್ಟಿ ಇರುತ್ತದೆ, ಅದರ ಕಪ್ಪು ತುದಿಯನ್ನು 38ರ ಹತ್ತಿರ, ಬಿಳಿ ತುದಿಯನ್ನು 230ರ ಹತ್ತಿರ ತನ್ನಿ. 0 ಪೂರ್ತಿ ಕಪ್ಪು, 255 ಪೂರ್ತಿ ಬಿಳಿ ಅನ್ನುವ ಲೆಕ್ಕದಲ್ಲಿ ಅದು ಸುಮಾರು 85 ಮತ್ತು 10 ಪರ್ಸೆಂಟ್ ಕಪ್ಪು. ಆಮೇಲೆ ಕರ್ವ್ಸ್‌ನಲ್ಲಿ ನಡುವಿನ ಭಾಗವನ್ನು ತಿಳಿ ಮಾಡಿ. ಎಷ್ಟು ಅಂದರೆ, ನಿಮ್ಮ ಪಟ್ಟಿಯಲ್ಲಿ ಯಾವ ಚೌಕ ಕಾಗದದ ಮೇಲೆ ಅರ್ಧ ಬಿಳಿ ಅರ್ಧ ಕಪ್ಪು ಕಾಣುತ್ತದೋ ಅಷ್ಟಕ್ಕೆ. 35ರ ಚೌಕ ಹಾಗೆ ಕಂಡರೆ, 50 ಇರಬೇಕಾದದ್ದನ್ನು 35ಕ್ಕೆ ಇಳಿಸಿ. ಕಣ್ಣಿನ ಮಿಂಚು, ಮೂಗಿನ ತುದಿಯ ಹೊಳಪಿನಂಥ ಪೂರ್ತಿ ಬಿಳಿ ಜಾಗಕ್ಕೆ ಮಾತ್ರ ಚುಕ್ಕಿ ಬೇಡ, ಅಲ್ಲಿ ಕಾಗದವೇ ಇರಲಿ. ಇಷ್ಟಾದ ಮೇಲೆ ಫೈಲ್ ಮಂಕಾಗಿ, ಪೇಲವವಾಗಿ ಕಾಣುತ್ತದೆ. ಕಾಣಬೇಕು. ನೋಡುವವರು ನೋಡುವುದು ಕಾಗದವನ್ನು. ಕಂಪ್ಯೂಟರಿನಲ್ಲಿ ಚಂದ ಕಾಣಲಿ ಅಂತ ಮತ್ತೆ ಮುಟ್ಟಿದಿರೋ, ಮೊದಲಿನ ಮುದ್ದೆಗೇ ವಾಪಸ್.

ಈಗ 65 ಗೆರೆಯ, ಅಂದರೆ ಇಂಚಿಗೆ 65 ಚುಕ್ಕಿ ಸಾಲಿನ, ವಿಚಾರ. ಮೆಶ್ ಮೇಲಿನ 90 ಸೆಂಟಿಮೀಟರಿಗೋ ಇಂಚಿಗೋ ಅಂತ ಯಾರನ್ನಾದರೂ ಕೇಳಿದ್ದೀರಾ? ಸೆಂಟಿಮೀಟರಿಗೆ 90 ಎಳೆ ಅಂದರೆ ಇಂಚಿಗೆ ಸುಮಾರು 229. ಹಾಫ್‌ಟೋನ್ ಗೆರೆಗಳು ಅದರ ಐದನೇ ಒಂದು ಭಾಗ ಇದ್ದರೆ ಕ್ಷೇಮ. ಅಂದರೆ 45. ನೀವು 65 ಹಾಕಿದ್ದೀರಿ. ಅಷ್ಟು ಸಣ್ಣ ಚುಕ್ಕಿಯನ್ನು ಹಿಡಿದುಕೊಳ್ಳಲು ಆ ಮೆಶ್‌ನಲ್ಲಿ ಎಳೆಗಳೇ ಸಾಲವು. 65 ಬೇಕೇ ಬೇಕು ಅಂದರೆ ಇಂಚಿಗೆ 325ರ ಆಚೀಚಿನ ಮೆಶ್ ತನ್ನಿ. ಒಂದು ವೇಳೆ ಆ 90 ಇಂಚಿನ ಲೆಕ್ಕವಾಗಿದ್ದರೆ, ಆ ಸ್ಕ್ರೀನ್‌ನಲ್ಲಿ ಮುಖದ ಫೋಟೊ ಮಾಡುವ ಆಸೆ ಬಿಡಿ, ದಪ್ಪ ಅಕ್ಷರ ಮಾಡಿ. ಚುಕ್ಕಿ ಸಾಲಿನ ಕೋನ 22.5 ಡಿಗ್ರಿ ಇಡಿ. ಎಳೆಗಳು ಅಡ್ಡ ಮತ್ತು ಉದ್ದಕ್ಕೆ ಓಡುತ್ತವೆ, ಚುಕ್ಕಿ ಸಾಲೂ ಅದೇ ದಿಕ್ಕಿಗೆ ಓಡಿದರೆ ಮುಖದ ಮೇಲೆ ಮೊಯರೆ ಎಂಬ ಅಲೆ ಅಲೆಯ ಪಟ್ಟೆ ಏಳುತ್ತದೆ. ಎಮಲ್ಷನ್ ಸವರುವ ಮುಂಚೆಯೇ ಫಿಲ್ಮನ್ನು ಖಾಲಿ ಸ್ಕ್ರೀನ್ ಮೇಲಿಟ್ಟು, ಕೆಳಗಿನಿಂದ ಬೆಳಕು ಬಿಟ್ಟು ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ.

ಬಿಟ್‌ಮ್ಯಾಪ್‌ಗೆ (ಬರೀ ಕಪ್ಪು, ಬಿಳಿ ಪಿಕ್ಸೆಲ್ ಇರುವ ಫೈಲ್) ಬದಲಿಸುವಾಗ ರೆಸಲ್ಯೂಷನ್ ಇಂಚಿಗೆ 600 ಅಥವಾ ಅದಕ್ಕಿಂತ ಜಾಸ್ತಿ ಕೊಡಿ. 600ರಲ್ಲಿ 45 ಗೆರೆಯ ಒಂದೊಂದು ಚುಕ್ಕಿಗೂ ಸುಮಾರು 13ಕ್ಕೆ 13 ಪಿಕ್ಸೆಲ್ ಜಾಗ ಸಿಗುತ್ತದೆ. ಅಂದರೆ ನೂರೈವತ್ತಕ್ಕೂ ಹೆಚ್ಚು ಹಂತದ ಬೂದು. 200ರಲ್ಲಿ ಮಾಡಿದರೆ ನಾಲ್ಕು ನಾಲ್ಕಲೆ ಹದಿನಾರು, ಕೆನ್ನೆಯ ಮೇಲೆ ಪಟ್ಟೆ ಪಟ್ಟೆ. ಚುಕ್ಕಿಯಾದ ಮೇಲೆ ಅಳತೆ ಬದಲಿಸುವಂತಿಲ್ಲ. ಫೈನಲ್ ಸೈಜ್ ಮೊದಲೇ ತೀರ್ಮಾನ ಮಾಡಿ. ಪ್ರಿಂಟ್ ಕೊಡುವಾಗ "ಪೇಜಿಗೆ ಹೊಂದಿಸು" ಅನ್ನುವ ಗುರುತನ್ನು ತೆಗೆಯಿರಿ. ಎಷ್ಟೋ ಫಿಲ್ಮ್ ಹಾಳಾಗುವುದು ಅದರಿಂದಲೇ.

ಇಷ್ಟಾದ ಮೇಲೆ ಎಕ್ಸ್‌ಪೋಶರ್. ಬೆಳಕು ಕಡಿಮೆಯಾದರೆ ಎಮಲ್ಷನ್ ಗಟ್ಟಿಯಾಗುವುದಿಲ್ಲ. ತೊಳೆಯುವಾಗ ನೆರಳಿನ ಭಾಗದ ಸಣ್ಣ ಸಣ್ಣ ಎಮಲ್ಷನ್ ದ್ವೀಪಗಳು ನೀರಿನ ಜೊತೆ ಹೊರಟುಹೋಗುತ್ತವೆ. ಆಗ ಕೂದಲು ಮುದ್ದೆಯಾಗುತ್ತದೆ. ಬೆಳಕು ಜಾಸ್ತಿಯಾದರೆ ಅದು ಫಿಲ್ಮ್ ಚುಕ್ಕಿಯ ಅಡಿಗೂ ನುಗ್ಗಿ, ತಿಳಿ ಭಾಗದ ಪುಟ್ಟ ತೂತುಗಳನ್ನು ಮುಚ್ಚುತ್ತದೆ. ಆಗ ಹಣೆ ಮಾಯ. ಇವೆರಡೂ ಒಂದಕ್ಕೊಂದು ಉಲ್ಟಾ ದೋಷ. ನಿಮ್ಮಲ್ಲಿ ಎರಡೂ ಒಟ್ಟಿಗೆ ಆಗಿದೆ ಅಂದರೆ ಬರೀ ಟೈಮ್ ಬದಲಿಸಿ ಉಪಯೋಗವಿಲ್ಲ. ಅದಕ್ಕೇ ಫೈಲ್ ಮೊದಲು ಅಂದದ್ದು. ಫಿಲ್ಮನ್ನೂ ಒಮ್ಮೆ ಕಿಟಕಿಗೆ ಹಿಡಿಯಿರಿ. ಕಪ್ಪಿನೊಳಗಿಂದ ಬೆಳಕು ಕಂಡರೆ ಆ ಫಿಲ್ಮ್ ಎಸೆಯಿರಿ. ಫಿಲ್ಮ್‌ನ ಇಂಕ್ ಇರುವ ಮುಖ ಎಮಲ್ಷನ್‌ಗೆ ಅಂಟಿ ಕೂರಬೇಕು, ನಡುವೆ ಗಾಳಿ ಇರಬಾರದು.

ಒಂದು ಮಾತು ನಿಮ್ಮ ಪತ್ರದಲ್ಲಿಲ್ಲ. ಮೊದಲ ಪ್ರತಿಯಲ್ಲಿ ಹಣೆ ಇತ್ತಾ? ಮೊದಲ ಪ್ರತಿಯಲ್ಲಿದ್ದು ಆಮೇಲಿನ ಪ್ರತಿಗಳಲ್ಲಿ ಕರಗುತ್ತಾ ಹೋಗಿದ್ದರೆ, ನೀರಿನ ಇಂಕ್ ಮೆಶ್‌ನಲ್ಲೇ ಒಣಗುತ್ತಿದೆ. ಇಂಕ್ ನಿಧಾನವಾಗಿ ಒಣಗುವಂತೆ ಮಾಡುವ ರಿಟಾರ್ಡರ್ ಹಾಕಿ, ಪ್ರತಿ ಎಳೆತದ ನಂತರ ಸ್ಕ್ರೀನ್ ಮೇಲೆ ಇಂಕ್ ಹರಡಿ ಬಿಡಿ, ನಡುವೆ ಫೋಟೊ ತೆಗೆಯುತ್ತಾ ನಿಲ್ಲಬೇಡಿ.

ಎಚ್ಚಿಂಗ್ (ಲೋಹದ ತಗಡಿನಲ್ಲಿ ಆಸಿಡ್‌ನಿಂದ ಗೆರೆ ಕೊರೆಯುವುದು) ಬೇಗ ಆಗಲು ನೈಟ್ರಿಕ್ ಆಸಿಡ್ ಒಳ್ಳೆಯದಂತೆ. ಹಾಸ್ಟೆಲ್ ಬಾತ್‌ರೂಮಿನಲ್ಲಿ ಕಿಟಕಿ ತೆರೆದಿಟ್ಟು, ಮಾಸ್ಕ್ ಹಾಕಿಕೊಂಡು ಮಾಡಬಹುದಾ?

ಮಾಡಬಾರದು. ನೈಟ್ರಿಕ್ ಆಸಿಡ್ ಲೋಹವನ್ನು ತಿನ್ನುವಾಗ ನೈಟ್ರೋಜನ್ ಡೈಆಕ್ಸೈಡ್ ಎಂಬ ಕಂದು ಹೊಗೆ ಬರುತ್ತದೆ. ಬಟ್ಟೆ ಮಾಸ್ಕ್ ದೂಳನ್ನೇ ಸರಿಯಾಗಿ ತಡೆಯುವುದಿಲ್ಲ, ಅನಿಲವನ್ನು ತಡೆಯುತ್ತದಾ? ಆ ಹೊಗೆ ಕುಡಿದವರಿಗೆ ಆಗ ಕೆಮ್ಮು ಮಾತ್ರ ಬಂದು, ಗಂಟೆಗಳು ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. "ನನಗೇನೂ ಆಗಲಿಲ್ಲ" ಅನ್ನುವ ಸೀನಿಯರ್‌ಗಳ ಮಾತು ಕೇಳಬೇಡಿ. ತಾಮ್ರದ ತಗಡಿಗೆ ಫೆರಿಕ್ ಕ್ಲೋರೈಡ್ ಸಾಕು, ಅದರಲ್ಲಿ ಈ ಕಂದು ಹೊಗೆ ಇಲ್ಲ, ಗೆರೆಯೂ ಚೊಕ್ಕಟ. ಅದನ್ನೂ ಕಾಲೇಜಿನ ಎಚ್ಚಿಂಗ್ ರೂಮಿನಲ್ಲೇ, ಗ್ಲೌಸ್, ಕನ್ನಡಕ ಹಾಕಿಕೊಂಡು, ಪಕ್ಕದಲ್ಲಿ ಇನ್ನೊಬ್ಬರಿರುವಾಗ ಮಾಡಿ. ಬಳಸಿದ ದ್ರಾವಣದಲ್ಲಿ ತಾಮ್ರ ಇರುತ್ತದೆ, ಮೋರಿಗೆ ಸುರಿಯಬೇಡಿ. ಕೇಳಿದ ಪ್ರಶ್ನೆ ಅಲ್ಲದಿದ್ದರೂ ಹೇಳುತ್ತೇನೆ: ಹಳೇ ಡೈಕ್ರೋಮೇಟ್ ಎಮಲ್ಷನ್ ಪುಡಿ ಎಲ್ಲಾದರೂ ಸಿಕ್ಕರೆ ಮುಟ್ಟಬೇಡಿ. ಅದರಲ್ಲಿರುವ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು.

ನನ್ನ ಪೇಂಟಿಂಗ್ ಸ್ಕ್ಯಾನ್ ಮಾಡಿ, ಇಂಕ್‌ಜೆಟ್‌ನಲ್ಲಿ ತೆಗೆದು, 1/50 (50 ಪ್ರತಿಗಳಲ್ಲಿ ಮೊದಲನೆಯದು) ಅಂತ ಬರೆದು ಸಹಿ ಹಾಕಿದರೆ ಅದು ಪ್ರಿಂಟ್‌ಮೇಕಿಂಗ್ ತಾನೇ?

ಅಲ್ಲ, ಅದು ಪೇಂಟಿಂಗ್‌ನ ನಕಲು. ಮಾರಿ, ತಪ್ಪಿಲ್ಲ, ಆದರೆ ನಕಲು ಅಂತಲೇ ಹೇಳಿ ಮಾರಿ. ಪ್ರಿಂಟ್ ಆಗಲೆಂದೇ ಕಂಪ್ಯೂಟರಿನಲ್ಲಿ ಹುಟ್ಟಿದ ಚಿತ್ರವಾದರೆ ಅದರ ಮಾತು ಬೇರೆ. ಆಗ ಇಂಕ್, ಕಾಗದ ಯಾವುದೆಂದು ಬರೆಯಿರಿ. 50 ಅಂದ ಮೇಲೆ 51ನೆಯದನ್ನು ತೆಗೆಯಬೇಡಿ.

ಲಿನೋ ಹಾಳೆಯಲ್ಲಿ ಕೆತ್ತಿ ಅಚ್ಚು ತೆಗೆದಾಗ ನನ್ನ ಹೆಸರು ಉಲ್ಟಾ ಬಂತು. ಯಾಕೆ?

ಕೆತ್ತುವ ಮುಂಚೆ ಉಲ್ಟಾ ಮಾಡಲಿಲ್ಲ, ಅದಕ್ಕೆ. ಸ್ಕ್ರೀನ್ ಪ್ರಿಂಟ್‌ನಲ್ಲಿ ಮಾಡಬೇಡಿ ಮತ್ತೆ, ಅಲ್ಲಿ ನೇರವಾಗೇ ಬರುತ್ತದೆ.