ಹೀಟರ್ ಬಿಸಿ ಆಗ್ತಿಲ್ವಾ? ಮೊದಲು ಇಂಜಿನ್ ಕಾಯುತ್ತಿದೆಯಾ ನೋಡಿ

ಪ್ರಶ್ನೆ: ಊರು ಧಾರವಾಡ, ಕೆಲಸ ಪುಣೆ ಹತ್ತಿರದ ಚಾಕಣದಲ್ಲಿ, ಮನೆ ಪಿಂಪ್ರಿಯಲ್ಲಿ. 2013ರ ಡೀಸೆಲ್ ಜೀಪು ಇದೆ, ಕ್ಯಾನ್ವಾಸ್ ಟಾಪ್. ಎರಡು ವರ್ಷದ ಹಿಂದೆ ಮುಳಶಿ ಕಡೆ ಕೆಸರಿನಲ್ಲಿ ಓಡಿಸುವಾಗ ಓವರ್‌ಹೀಟ್ ಆಯಿತು. ಗ್ಯಾರೇಜಿನವರು ಏನೋ ಮಾಡಿ ಸರಿ ಮಾಡಿಕೊಟ್ಟರು. ಆಮೇಲೆ ಆ ತೊಂದರೆ ಬಂದಿಲ್ಲ. ಜನವರಿಯಲ್ಲಿ ಹಿಮಾಚಲದ ಸ್ಪಿತಿಗೆ ಹೋಗುವ ಯೋಚನೆ ಇದೆ. ಹೀಟರ್ ಹಾಕಿ ನೋಡಿದರೆ ಸಿಟಿಯಲ್ಲಿ ಉಗುರುಬೆಚ್ಚಗೆ, ಹೈವೇಯಲ್ಲಿ ಪೂರ್ತಿ ತಣ್ಣಗೆ. ಟೆಂಪರೇಚರ್ ಮುಳ್ಳು ಕಾಲು ಭಾಗ ದಾಟಲ್ಲ. ಹೀಟರ್ ಕೋರ್ ಬದಲಾಯಿಸಬೇಕಾ ಸರ್?

ಉತ್ತರ: ಸದ್ಯಕ್ಕೆ ಬೇಡ. ಕೋರ್ ಅಂದರೆ ಬಿಸಿ ಕೂಲೆಂಟ್ ಹರಿದು ಕ್ಯಾಬಿನ್ ಗಾಳಿ ಕಾಯಿಸುವ ಪುಟ್ಟ ರೇಡಿಯೇಟರ್. ಅದನ್ನು ತೆಗೆಯಬೇಕೆಂದರೆ ಅರ್ಧ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಅದು ಕೊನೆಯ ಕೆಲಸ. ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಮುಕ್ಕಾಲು ಭಾಗ ಇದೆ. ಓವರ್‌ಹೀಟ್ ಆಗಿದ್ದ ಗಾಡಿ ‘ಸರಿ’ ಆಯಿತು, ಆಮೇಲೆ ಮುಳ್ಳು ಮೇಲೇಳುತ್ತಿಲ್ಲ. ಅಂದರೆ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಹಾಕಿರುವ ಸಾಧ್ಯತೆ ಜಾಸ್ತಿ. ಇಲ್ಲವೇ ಅದು ತೆರೆದೇ ಸಿಕ್ಕಿಕೊಂಡಿದೆ.

ಪುಣೆಯ ಕಡೆ ಬಿಸಿಲಿಗೆ ಹೆದರಿ ವಾಲ್ವ್ ತೆಗೆಸಿದ ಹಳೇ ಡೀಸೆಲ್ ಗಾಡಿಗಳು ಬೇಕಾದಷ್ಟಿವೆ. ಇಲ್ಲಿ ಹೀಟರ್ ಯಾರೂ ಹಾಕಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲ್ಲ. ವಾಲ್ವ್ ಇದ್ದರೆ ಕೂಲೆಂಟ್ 80-90 ಡಿಗ್ರಿ ಮುಟ್ಟುವವರೆಗೆ ರೇಡಿಯೇಟರ್ ಕಡೆ ಹೋಗದೆ ಇಂಜಿನ್ ಒಳಗೇ ಸುತ್ತುತ್ತದೆ. ಇಲ್ಲದಿದ್ದರೆ ಸ್ಟಾರ್ಟ್ ಮಾಡಿದ ಕ್ಷಣದಿಂದಲೇ ರೇಡಿಯೇಟರ್‌ಗೆ ಓಡುತ್ತದೆ. ವೇಗ ಹೆಚ್ಚಿದಷ್ಟೂ ಗಾಳಿ ಹೊಡೆದು ತಣ್ಣಗಾಗುತ್ತದೆ. ನಿಮ್ಮ ಹೀಟರ್ ಸಿಟಿಗಿಂತ ಹೈವೇಯಲ್ಲಿ ತಣ್ಣಗಾಗಲು ಇದೇ ಕಾರಣ. ಇದಕ್ಕೆ ಉಲ್ಟಾ ಆಗಿದ್ದರೆ, ಅಂದರೆ ರೇಸ್ ಮಾಡಿದಾಗ ಬಿಸಿ, ಐಡಲ್‌ನಲ್ಲಿ ತಣ್ಣಗೆ ಅಂತಿದ್ದರೆ, ಕೂಲೆಂಟ್ ಕಡಿಮೆ ಇದೆ, ಗಾಳಿ ಸೇರಿದೆ ಅಥವಾ ವಾಟರ್ ಪಂಪ್ ಸೋತಿದೆ ಅಂತ ಅನುಮಾನ ಪಡುತ್ತಿದ್ದೆ.

ಖಚಿತ ಮಾಡಿಕೊಳ್ಳುವುದು ಸುಲಭ. ಬೆಳಿಗ್ಗೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರ್‌ನ ಮೇಲಿನ ದಪ್ಪ ಹೋಸ್ ಮುಟ್ಟಿ ನೋಡುತ್ತಾ ಇರಿ. ಶರ್ಟಿನ ತೋಳು, ಲ್ಯಾನ್ಯಾರ್ಡು ಫ್ಯಾನ್ ಬೆಲ್ಟಿಗೆ ಸಿಗದ ಹಾಗೆ ಹುಷಾರು. ವಾಲ್ವ್ ಸರಿ ಇದ್ದರೆ ಹೋಸ್ ಬಹಳ ಹೊತ್ತು ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಸುಡುತ್ತದೆ. ಮೊದಲಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಹೋದರೆ ವಾಲ್ವ್ ಇಲ್ಲ, ಅಥವಾ ಇದ್ದೂ ಇಲ್ಲದ ಹಾಗೆ.

ಹೊಸ ವಾಲ್ವ್ ಕೊಳ್ಳುವಾಗ ನಿಮ್ಮ ಇಂಜಿನ್‌ಗೆ ಹೇಳಿರುವ ಡಿಗ್ರಿಯದ್ದನ್ನೇ ಕೇಳಿ, ಮೇಲೆ ಒತ್ತಿರುತ್ತಾರೆ. ಕೂರಿಸುವ ಮೊದಲು ದಾರದಲ್ಲಿ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಜೊತೆ ಕಾಯಿಸಿ ನೋಡಿ. ಆ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು. ಅಂಚಿನಲ್ಲಿ ಅಲ್ಲಾಡುವ ಪುಟ್ಟ ಪಿನ್ ಇದ್ದರೆ ಅದು ಮೇಲ್ಗಡೆ ಬರಲಿ. ಗಾಳಿ ಹೋಗುವುದು ಅಲ್ಲಿಂದಲೇ. ಗ್ಯಾಸ್ಕೆಟ್ ಹೊಸದು ಹಾಕಿಸಿ.

ವಾಲ್ವ್ ಹಾಕಿದರೆ ಮತ್ತೆ ಓವರ್‌ಹೀಟ್ ಆಗಲ್ವಾ ಅಂತ ಗ್ಯಾರೇಜಿನವರು ಕೇಳುತ್ತಾರೆ. ಆಗಬಹುದು, ಯಾಕೆಂದರೆ ಮೂಲ ಕಾಯಿಲೆಯನ್ನು ಯಾರೂ ನೋಡಿಲ್ಲ. ಮುಳಶಿಯ ಕೆಸರು ರೇಡಿಯೇಟರ್ ಜಾಲರಿಯಲ್ಲಿ ಒಣಗಿ ಕೂತಿರುತ್ತದೆ. ಮುಂದಿನಿಂದ ನೋಡಿದರೆ ಕ್ಲೀನ್, ಒಳಗೆ ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಗೋಡೆ. ಇಂಜಿನ್ ಕಡೆಯಿಂದ ಮುಂದಕ್ಕೆ ಸಾದಾ ಪೈಪಿನ ನೀರು ಬಿಟ್ಟು ತೊಳೆಯಿರಿ. ಪ್ರೆಶರ್ ವಾಷರ್ ಹೊಡೆದರೆ ಜಾಲರಿ ಮಡಚಿಕೊಳ್ಳುತ್ತದೆ. ಫ್ಯಾನ್, ಬೆಲ್ಟ್, ರೇಡಿಯೇಟರ್ ಕ್ಯಾಪ್ ಕೂಡ ನೋಡಿಸಿ. ಕೆಲವು ಇಂಜಿನ್‌ಗಳಲ್ಲಿ ವಾಲ್ವ್ ತೆಗೆದರೆ ಬೈಪಾಸ್ ದಾರಿ (ರೇಡಿಯೇಟರ್‌ಗೆ ಹೋಗದೆ ಇಂಜಿನ್ ಒಳಗೇ ಸುತ್ತುವ ದಾರಿ) ಮುಚ್ಚುವುದೇ ಇಲ್ಲ. ಆಗ ಲೋಡಿನಲ್ಲಿ ಬಿಸಿ ಇನ್ನೂ ಜಾಸ್ತಿಯಾಗುತ್ತದೆ.

ಈಗ ಹೀಟರ್ ಕಡೆ. ವಾಲ್ವ್ ಹಾಕಿ ಮುಳ್ಳು ತನ್ನ ಜಾಗಕ್ಕೆ ಬಂದ ಮೇಲೆ, ಹೀಟರ್ ಫುಲ್ ಬಿಸಿಗೆ ತಿರುಗಿಸಿ, ಇಂಜಿನ್‌ನಿಂದ ಫೈರ್‌ವಾಲ್ (ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ಒಳಗೆ ಹೋಗುವ ಎರಡು ಸಣ್ಣ ಹೋಸ್‌ಗಳನ್ನು ಬಟ್ಟೆ ಹಿಡಿದು ಮುಟ್ಟಿ. ಎರಡೂ ಸುಡುತ್ತಿದ್ದರೆ ನೀರಿನ ಕಡೆ ತೊಂದರೆ ಇಲ್ಲ. ಕ್ಯಾಬಿನ್ ಫಿಲ್ಟರ್ (ಇದ್ದರೆ), ಬ್ಲೋವರ್, ಬಿಸಿ-ತಣ್ಣನೆ ಗಾಳಿ ತಿರುಗಿಸುವ ಫ್ಲ್ಯಾಪಿನ ಕೇಬಲ್ ನೋಡಿ. ಕೇಬಲ್ ಕೊಕ್ಕೆ ಕಳಚಿದ್ದರೆ ನಾಬ್ ಸುಮ್ನೆ ತಿರುಗುತ್ತದೆ, ಅಷ್ಟೇ. ಒಂದು ಸುಡುತ್ತಿದೆ, ಇನ್ನೊಂದು ತಣ್ಣಗಿದೆ ಅಂದರೆ ಕೋರ್ ಕಟ್ಟಿದೆ. ಎರಡೂ ತಣ್ಣಗಿದ್ದರೆ ಹೀಟರ್‌ಗೆ ಬಿಸಿ ನೀರು ಬಿಡುವ ನಲ್ಲಿ (ಟ್ಯಾಪ್) ತೆರೆಯುತ್ತಿಲ್ಲ, ಅಥವಾ ಗಾಳಿ ಸಿಕ್ಕಿಕೊಂಡಿದೆ. ಗಾಳಿ ಇದ್ದರೆ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಬರುತ್ತದೆ. ಇನ್ನೊಂದು ತಮಾಷೆಯೂ ಇದೆ. ಕೋರ್ ಸೋರಿದಾಗ ಕೆಲವು ಗ್ಯಾರೇಜಿನವರು ಎರಡೂ ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸಿ ಕೈ ತೊಳೆದುಕೊಂಡಿರುತ್ತಾರೆ. ಫೈರ್‌ವಾಲ್‌ನಲ್ಲಿ ಎರಡು ಬೋಳು ಪೈಪ್ ಕಂಡರೆ ಮತ್ತೇನೂ ಹುಡುಕಬೇಡಿ.

ಕೋರ್ ಕಟ್ಟಲು ಮುಖ್ಯ ಕಾರಣ ಬೋರ್‌ವೆಲ್ ನೀರು. ಸೊಸೈಟಿಯ ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರವೇ ಇಲ್ಲೂ ಕಟ್ಟುತ್ತದೆ, ಕೋರಿನ ನಳಿಗೆಗಳು ಅದಕ್ಕಿಂತ ಬಹಳ ಸಣ್ಣವು. ಇಂಜಿನ್ ತಣ್ಣಗಿದ್ದಾಗ ಎರಡೂ ಹೋಸ್ ಬಿಚ್ಚಿ, ಸಾದಾ ಪೈಪಿನಿಂದ ಕಡಿಮೆ ಒತ್ತಡದಲ್ಲಿ ಉಲ್ಟಾ ದಿಕ್ಕಿಗೆ ನೀರು ಬಿಡಿ. ಮೊದಲು ಚಹಾ ಬಣ್ಣದ ನೀರು, ಆಮೇಲೆ ಚಕ್ಕೆ ಚಕ್ಕೆ ಬರುತ್ತದೆ. ತಿಳಿಯಾಗುವವರೆಗೆ ಬಿಡಿ, ಕೊನೆಗೆ ಡಿಸ್ಟಿಲ್ಡ್ ವಾಟರ್ ಹಾಕಿ ತೊಳೆಯಿರಿ. ಆ್ಯಸಿಡ್ ಹಾಕುತ್ತೇನೆ ಅನ್ನುವವರ ಕೈಗೆ ಗಾಡಿ ಕೊಡಬೇಡಿ. ಹಳೇ ಕೂಲೆಂಟ್ ಟ್ರೇಯಲ್ಲಿ ಹಿಡಿಯಿರಿ. ಸಿಹಿ ಇರುವುದರಿಂದ ಬೀದಿನಾಯಿಗಳು ನೆಕ್ಕುತ್ತವೆ, ಅವಕ್ಕೆ ಅದು ವಿಷ.

ಹೀಟರ್‌ಗಿಂತ ನನಗೆ ಚಿಂತೆ ಇರುವುದು ಬೇರೆ. ನಿಮ್ಮ ಇಂಜಿನ್‌ನಲ್ಲಿ ಈಗ ಬರೀ ನೀರೇ ಇರಬಹುದು. ಸ್ಪಿತಿಯ ಕಾಜಾ ಊರು ಇರುವುದು 3,600 ಮೀಟರ್‌ಗೂ ಮೇಲೆ, ಜನವರಿ ರಾತ್ರಿ ಮೈನಸ್ 20ಕ್ಕೆ ಇಳಿಯುವುದುಂಟು. ನೀರು ಹೆಪ್ಪುಗಟ್ಟಿದರೆ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಇಂಜಿನ್ ಬ್ಲಾಕ್ ಸೀಳಬಹುದು. ಅರ್ಧ ಎಥಿಲೀನ್ ಗ್ಲೈಕಾಲ್ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಇದ್ದರೆ ಮೈನಸ್ 35ರ ಆಸುಪಾಸಿನವರೆಗೆ ಭಯವಿಲ್ಲ. ಫ್ಲಶ್ ಮಾಡಿದ ನೀರು ಒಳಗೆ ಉಳಿದಿರುತ್ತದೆ. ಹಾಗಾಗಿ ಒಟ್ಟು ಕೆಪ್ಯಾಸಿಟಿಯ ಅರ್ಧದಷ್ಟು ನೀರು ಬೆರೆಸದ ಕೂಲೆಂಟ್ ಮೊದಲು ಹಾಕಿ, ಮಿಕ್ಕಿದ್ದು ಡಿಸ್ಟಿಲ್ಡ್ ವಾಟರ್. ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ಹೀಟರ್ ಫುಲ್ ಬಿಸಿಯಲ್ಲಿಟ್ಟು, ನಿಧಾನಕ್ಕೆ ತುಂಬಿಸಿ. ಗಾಳಿ ಹೋಗುತ್ತದೆ. ಕೊನೆಗೆ ಕೂಲೆಂಟ್ ಟೆಸ್ಟರ್ ಇರುವ ಕಡೆ ಒಮ್ಮೆ ಅಳೆಸಿ.

ಬೆಳಿಗ್ಗೆ ಲೋಣಾವಳದವರೆಗೆ ಹೋಗಿ ಬನ್ನಿ. ವೆಂಟ್ ಬಾಯಲ್ಲಿ 50-60 ಡಿಗ್ರಿ ಬಂದರೆ ಹೀಟರ್ ಸರಿ ಇದೆ. ಆದರೂ ಕ್ಯಾನ್ವಾಸ್ ಟಾಪಿನ ಸಂದುಗಳಿಂದ ಬಿಸಿ ಸೋರುತ್ತದೆ, ಬಾಗಿಲ ರಬ್ಬರ್ ಹೊಸದು ಹಾಕಿಸಿ. ಡೀಸೆಲ್ ಇಂಜಿನ್ ಐಡಲ್‌ನಲ್ಲಿ ಹೆಚ್ಚು ಕಾಯಲ್ಲ, ಓಡಿಸಿದರೇ ಬಿಸಿ. ಅಲ್ಲಿ ತೀರಾ ಚಳಿ ಇದ್ದರೆ ರೇಡಿಯೇಟರ್ ಮುಂದೆ ಅರ್ಧಕ್ಕೆ ರಟ್ಟು ಕಟ್ಟಬಹುದು, ಮುಳ್ಳಿನ ಮೇಲೆ ಕಣ್ಣಿರಲಿ. ಇಂಜಿನ್ ಓಡಿಸಿಟ್ಟು ಹಿಮದಲ್ಲಿ ಗಾಡಿಯೊಳಗೆ ಮಲಗಬೇಡಿ. ಸೈಲೆನ್ಸರ್ ಮುಚ್ಚಿಕೊಂಡರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ, ವಾಸನೆಯೂ ಗೊತ್ತಾಗಲ್ಲ.

ಪ್ರಶ್ನೆ: ಮಡಗಾಂವ್‌ನಲ್ಲಿದ್ದೇವೆ. ಮಳೆಗಾಲದಲ್ಲಿ ಅನ್ಮೋಡ್ ಘಾಟ್ ಹತ್ತಿ ಬೆಳಗಾವಿಗೆ ಹೋಗುವಾಗ ಗ್ಲಾಸ್ ಮಂಜಾಗುತ್ತದೆ. ಹೀಟರ್ ಹಾಕಬೇಕಾ, ಎಸಿ ಹಾಕಬೇಕಾ?

ಉತ್ತರ: ಮಂಜು ಒಳಗಡೆ ಇದ್ದರೆ ಎರಡನ್ನೂ ಹಾಕಿ. ಎಸಿ ಗಾಳಿಯ ತೇವ ತೆಗೆಯುತ್ತದೆ, ಹೀಟರ್ ಗ್ಲಾಸ್ ಬೆಚ್ಚಗಿಡುತ್ತದೆ. ಗಾಳಿ ಗ್ಲಾಸಿನ ಕಡೆ ಇರಲಿ, ಹೊರಗಿನ ಗಾಳಿ ಬರುವ ಬಟನ್ ಒತ್ತಿರಲಿ. ವೈಪರ್ ಹಾಕಿದಾಗ ಮಂಜು ಹೋದರೆ ಅದು ಹೊರಗಡೆಯದು, ಎಸಿ ತಣ್ಣಗೆ ಜಾಸ್ತಿ ಆಗಿದೆ, ಕಡಿಮೆ ಮಾಡಿ. ಬಟ್ಟೆಯಲ್ಲಿ ಒರೆಸಿದರೂ ಜಿಡ್ಡು ಉಳಿದು, ಸಿಹಿ ವಾಸನೆ ಬಂದು, ಕಾಲಡಿಯ ಕಾರ್ಪೆಟ್ ಒದ್ದೆ ಇದ್ದರೆ ಹೀಟರ್ ಕೋರ್ ಸೋರುತ್ತಿದೆ. ಆಗ ಮಾತ್ರ ಡ್ಯಾಶ್‌ಬೋರ್ಡ್ ಬಿಚ್ಚಿಸಲೇಬೇಕು.